ದ್ವೀಪದ ಅಪರಾಧ: ನಷ್ಟ ಯಾರ ಲೆಕ್ಕಕ್ಕೆ?

ಸಂಪಾದಕರಿಗೆ,

ಮಾನ್ಯರೇ,

ಬೇಸಿಗೆ ರಜೆ ಹತ್ತಿರವಾದಂತೆ ಪತ್ರಿಕೆಗಳ ಪುರವಣಿಗಳಲ್ಲಿ ದ್ವೀಪಗಳ ವರ್ಣಚಿತ್ರಗಳು ಕಾಣಿಸಿಕೊಳ್ಳುವುದು ವಾಡಿಕೆ. ತಮ್ಮ ಪತ್ರಿಕೆಯಲ್ಲಿಯೂ ಈಚೆಗೆ ಅಂಥದೊಂದು ಲೇಖನ ಬಂದಿತ್ತು. ವೀಸಾ, ವಿಮಾನದ ದರ, ಸಸ್ಯಾಹಾರ ಸಿಗುವ ಹೋಟೆಲು ಎಲ್ಲವನ್ನೂ ವಿವರವಾಗಿ ಕೊಟ್ಟ ಲೇಖಕರು, ಸುರಕ್ಷತೆಯ ವಿಷಯವನ್ನು ಮಾತ್ರ ‘ರಾತ್ರಿ ವೇಳೆ ಒಂಟಿಯಾಗಿ ಓಡಾಡದಿರುವುದು ಒಳಿತು’ ಎಂಬ ಒಂದೇ ಸಾಲಿನಲ್ಲಿ ಮುಗಿಸಿದ್ದರು. ಬಸವನಗುಡಿಯಲ್ಲಿ ಇಪ್ಪತ್ತಾರು ವರ್ಷಗಳಿಂದ ಸಣ್ಣದೊಂದು ಟ್ರಾವೆಲ್ಸ್ ಕಚೇರಿ ನಡೆಸಿಕೊಂಡು, ಶ್ರೀಲಂಕಾ, ಮಾಲ್ಡೀವ್ಸ್, ಮಾರಿಷಸ್, ಬಾಲಿ, ಅಂಡಮಾನ್‌ಗಳಿಗೆ ನಮ್ಮ ಜನರನ್ನು ಕಳಿಸುತ್ತ ಬಂದಿರುವ ನನಗೆ ಆ ಸಾಲಿನ ಹಿಂದೆ ಎಷ್ಟೋ ಮನೆಗಳ ಒಲೆ ಕಾಣುತ್ತದೆ. ಅದನ್ನು ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ವಾಚಕರ ಪತ್ರಕ್ಕೆ ಇರುವ ಮಿತಿಯನ್ನು ಮೀರಿದ್ದೇನೆಂಬುದು ಗೊತ್ತು; ಕತ್ತರಿ ಹಾಕುವ ಅಧಿಕಾರ ತಮ್ಮದು.

ಪ್ರವಾಸಿಗರನ್ನೇ ನಂಬಿ ಬದುಕುವ ದ್ವೀಪದಲ್ಲಿ ಕೊಲೆಯೋ ದರೋಡೆಯೋ ನಡೆದಾಗ ಸರ್ಕಾರಗಳೂ ಪತ್ರಿಕೆಗಳೂ ನಮ್ಮಂಥ ಏಜೆಂಟರೂ ಮೊದಲು ಕೇಳುವುದು, ಬರುವವರ ಸಂಖ್ಯೆ ಎಷ್ಟು ಇಳಿಯಿತು ಎಂದು. ಕೇಳಬೇಕಾದ ಪ್ರಶ್ನೆಯೇ ಅದು, ಆದರೆ ಅಷ್ಟಕ್ಕೇ ನಿಂತರೆ ನಷ್ಟದ ಅರ್ಧ ಭಾಗ ಲೆಕ್ಕಕ್ಕೇ ಸಿಗುವುದಿಲ್ಲ. ಬಂದ ಪ್ರವಾಸಿ ರೆಸಾರ್ಟಿನ ಕಾಂಪೌಂಡು ದಾಟದೆ ನಾಲ್ಕು ದಿನ ಕಳೆದು ವಿಮಾನ ಹತ್ತಿದರೆ, ಇಲಾಖೆಯ ಪುಸ್ತಕದಲ್ಲಿ ಆತ ಬಂದು ಹೋದದ್ದು ದಾಖಲಾಗುತ್ತದೆ. ಹೊರಗೆ ಗಾಡಿಯಲ್ಲಿ ಎಳನೀರು ಇಟ್ಟುಕೊಂಡು ಕಾದವನ ಮಟ್ಟಿಗೆ ಆತ ಬರಲೇ ಇಲ್ಲ. ಅಪರಾಧದ ಹೊರೆ ಬೀಳುವುದು ಬಹುಪಾಲು ಈ ಹೊರಗಿನವರ ಮೇಲೆ. ಅಪರಾಧಕ್ಕೆ ಉತ್ತರವೆಂದು ಕಟ್ಟುವ ಗೋಡೆಯೇ ಆ ಹೊರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಮೊದಲು ನಾನು ಹತ್ತಿರದಿಂದ ಕಂಡದ್ದನ್ನು ಹೇಳುತ್ತೇನೆ. 2019ರ ಏಪ್ರಿಲ್ 21, ಈಸ್ಟರ್ ಭಾನುವಾರ. ಕೊಲಂಬೊದ ಮೂರು ದೊಡ್ಡ ಹೋಟೆಲುಗಳು ಹಾಗೂ ಕೊಲಂಬೊ, ನೆಗೊಂಬೊ, ಬಟ್ಟಿಕಲೋವಾಗಳ ಮೂರು ಚರ್ಚುಗಳಲ್ಲಿ ಆತ್ಮಾಹುತಿ ಬಾಂಬುಗಳು ಸಿಡಿದು 250ಕ್ಕೂ ಹೆಚ್ಚು ಜನ ಸತ್ತರು. ಲೋಕಸಭಾ ಚುನಾವಣೆಯ ಮತದಾನ ಮುಗಿಸಿ, ನಾಲ್ಕು ದಿನ ವಿಶ್ರಾಂತಿಗೆಂದು ಹೋಗಿದ್ದ ಬೆಂಗಳೂರು ಸುತ್ತಮುತ್ತಲಿನ ರಾಜಕೀಯ ಕಾರ್ಯಕರ್ತರು ಕೂಡ ಅದರಲ್ಲಿ ಪ್ರಾಣ ಕಳೆದುಕೊಂಡರು. ಸೋಮವಾರ ಬೆಳಿಗ್ಗೆ ನಾನು ಕಚೇರಿಯ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಇಬ್ಬರು ಗ್ರಾಹಕರು ಕುಳಿತಿದ್ದರು. ಮಕ್ಕಳಿಗೆ ಶಾಲೆ ಮುಗಿದು ರಜೆ ಶುರುವಾಗಿದ್ದ ಕಾಲ ಅದು. ಮೇ ತಿಂಗಳಿಗೆಂದು ನಾನು ಕಾಯ್ದಿರಿಸಿದ್ದ ಹದಿನಾಲ್ಕು ಕುಟುಂಬಗಳ ಪ್ಯಾಕೇಜುಗಳಲ್ಲಿ ವಾರ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಅವರನ್ನು ದೂರುವುದು ಹೇಗೆ? ನನ್ನ ಮಗಳ ಸಂಸಾರ ಹೊರಟಿದ್ದರೆ ನಾನೂ ತಡೆಯುತ್ತಿದ್ದೆ.

ಆ ಹಿಂದಿನ ವರ್ಷ, ಅಂದರೆ 2018ರಲ್ಲಿ, ಶ್ರೀಲಂಕಾಕ್ಕೆ 23 ಲಕ್ಷಕ್ಕೂ ಹೆಚ್ಚು ವಿದೇಶಿ ಪ್ರವಾಸಿಗರು ಬಂದಿದ್ದರು. ಆ ದೇಶದ ಇತಿಹಾಸದಲ್ಲೇ ಅದು ಅತಿ ಹೆಚ್ಚಿನ ಸಂಖ್ಯೆಯಾಗಿತ್ತು, ಪ್ರವಾಸೋದ್ಯಮದಿಂದ ಬಂದ ವಿದೇಶಿ ವಿನಿಮಯ 400 ಕೋಟಿ ಡಾಲರ್ ದಾಟಿತ್ತು. ಬಾಂಬು ಸಿಡಿದ ಮರುತಿಂಗಳು, ಮೇನಲ್ಲಿ, ಬಂದವರು ಸುಮಾರು 38 ಸಾವಿರ ಮಾತ್ರ. ಹಿಂದಿನ ಮೇ ತಿಂಗಳಿಗೆ ಹೋಲಿಸಿದರೆ ಶೇ 70ರಷ್ಟು ಕಡಿಮೆ. ಅಗತ್ಯವಿಲ್ಲದಿದ್ದರೆ ಹೋಗಬೇಡಿ ಎಂದು ಬ್ರಿಟನ್ ತನ್ನ ಪ್ರಜೆಗಳಿಗೆ ಏಪ್ರಿಲ್ 25ರಂದು ನೀಡಿದ ಸೂಚನೆಯನ್ನು ಹಿಂದೆಗೆದುಕೊಂಡದ್ದು ಜೂನ್ 6ರಂದು. ಸರ್ಕಾರಗಳು ಹೊರಡಿಸುವ ಇಂಥ ಸೂಚನೆ ಬರಿಯ ಸಲಹೆಯಲ್ಲ ಎಂಬುದನ್ನು ಓದುಗರು ಗಮನಿಸಬೇಕು: ಅದನ್ನು ಮೀರಿ ಹೋದವರಿಗೆ ಪ್ರವಾಸ ವಿಮೆ ಅನ್ವಯಿಸದೆ ಹೋಗಬಹುದು, ವಿಮೆಯಿಲ್ಲದ ಗ್ರಾಹಕರನ್ನು ದೊಡ್ಡ ಪ್ರವಾಸ ಕಂಪನಿಗಳು ಕರೆದೊಯ್ಯುವುದಿಲ್ಲ, ಗ್ರಾಹಕರಿಲ್ಲದ ಕಡೆಗೆ ವಿಮಾನ ಕಂಪನಿಗಳು ಅಷ್ಟು ಸೀಟುಗಳನ್ನು ಇಡುವುದಿಲ್ಲ. ಯಾವುದೋ ದೂರದ ರಾಜಧಾನಿಯಲ್ಲಿ ಒಬ್ಬ ಅಧಿಕಾರಿ ಬರೆದ ಎರಡು ಸಾಲು ದ್ವೀಪದ ಹೆಬ್ಬಾಗಿಲಿಗೆ ಬೀಗ ಹಾಕುವುದು ಹೀಗೆ.

ನೆಗೊಂಬೊದ ಒಬ್ಬ ವ್ಯಾನ್ ಚಾಲಕರು ಒಂಬತ್ತು ವರ್ಷ ನಮ್ಮ ಗ್ರಾಹಕರನ್ನು ಕಟುನಾಯಕೆ ವಿಮಾನ ನಿಲ್ದಾಣದಿಂದ ಹತ್ತಿಸಿಕೊಂಡು, ಕ್ಯಾಂಡಿ, ನುವಾರ ಎಲಿಯಾ ಸುತ್ತಿಸಿ ಮತ್ತೆ ಅಲ್ಲಿಗೇ ತಂದು ಬಿಡುತ್ತಿದ್ದರು. ನನ್ನೊಡನೆ ಅರೆಬರೆ ತಮಿಳಿನಲ್ಲಿ ‘ಅಣ್ಣೇ’ ಎಂದು ಮಾತು ಶುರು ಮಾಡುವವರು. ಬೆಳ್ಳುಳ್ಳಿ ತಿನ್ನದ ಹಿರಿಯರು ಬಂದರೆ ಕ್ಯಾಂಡಿಯಲ್ಲಿ ಯಾವ ಮನೆಯಲ್ಲಿ ಅನ್ನ–ಸಾರು ಮಾಡಿಕೊಡುತ್ತಾರೆ ಎಂಬುದನ್ನು ಹುಡುಕಿಟ್ಟುಕೊಂಡಿದ್ದರು. ಅವರ ವ್ಯಾನು ಲೀಸಿಂಗ್ ಸಾಲದ್ದು. ಪ್ರತಿ ತಿಂಗಳ ಹತ್ತನೇ ತಾರೀಕು ಕಂತು. ಮೇ, ಜೂನ್ ಎರಡು ತಿಂಗಳು ಹೆಂಡತಿಯ ಒಡವೆ ಅಡವಿಟ್ಟು ಕಟ್ಟಿದರು. ಆಗಸ್ಟ್ 1ರಿಂದ ಸುಮಾರು 50 ದೇಶಗಳವರಿಗೆ ವೀಸಾ ಶುಲ್ಕ ಮನ್ನಾ ಮಾಡಿ ಸರ್ಕಾರ ಪ್ರವಾಸಿಗರನ್ನು ಮತ್ತೆ ಕರೆಯತೊಡಗಿದ ಹೊತ್ತಿಗೆ ವ್ಯಾನನ್ನು ಸಾಲ ಕೊಟ್ಟವರು ಒಯ್ದಾಗಿತ್ತು. ವರ್ಷದ ಕೊನೆಗೆ ದೇಶದ ಲೆಕ್ಕದಲ್ಲಿ 19 ಲಕ್ಷ ಪ್ರವಾಸಿಗರು ಬಂದಿದ್ದರು. ಅಂಕಿಯನ್ನಷ್ಟೇ ನೋಡಿದವರಿಗೆ ಅದು ಶೇ 18ರ ಇಳಿಕೆ. ದೊಡ್ಡ ಹೋಟೆಲುಗಳು ಬ್ಯಾಂಕಿನಿಂದ ಕಾಲಾವಕಾಶ ಪಡೆದು, ಕೊಠಡಿ ದರವನ್ನು ಅರ್ಧಕ್ಕಿಳಿಸಿ ನಾಲ್ಕೈದು ತಿಂಗಳು ತಳ್ಳಬಲ್ಲವು. ವ್ಯಾನಿನವರ ಬದುಕಿನಲ್ಲಿ ನಾಲ್ಕೈದು ತಿಂಗಳು ಎಂಬುದು ವ್ಯಾನು ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವಿನ ಅಂತರ.

ಬಾಂಬು ದಾಳಿಯನ್ನೂ ಬೀದಿಯ ಅಪರಾಧವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂಬುದು ಸರಿ. 2002ರ ಅಕ್ಟೋಬರ್ 12ರಂದು ಬಾಲಿಯ ಕುಟಾದಲ್ಲಿ ನಡೆದ ಸ್ಫೋಟದಲ್ಲಿ 202 ಜನ ಸತ್ತರು, ಅವರಲ್ಲಿ 88 ಮಂದಿ ಆಸ್ಟ್ರೇಲಿಯದವರು. ದ್ವೀಪಕ್ಕೆ ನೇರವಾಗಿ ಬರುತ್ತಿದ್ದ ವಿದೇಶಿಯರ ಸಂಖ್ಯೆ 2003ರಲ್ಲಿ 10 ಲಕ್ಷಕ್ಕಿಂತ ಕೆಳಗಿಳಿಯಿತು. ಆದರೆ 2004ರಲ್ಲಿ ದಾಳಿಗೆ ಮುಂಚಿನ ಮಟ್ಟವನ್ನೂ ಮೀರಿ ಸುಮಾರು 14.5 ಲಕ್ಷಕ್ಕೆ ಏರಿತು. 2005ರಲ್ಲಿ ಮತ್ತೊಮ್ಮೆ ಸ್ಫೋಟವಾಯಿತು, ಮತ್ತೊಮ್ಮೆ ಇಳಿಯಿತು, ಮತ್ತೊಮ್ಮೆ ಏರಿತು. ಸಿಡಿಲು ಹೊಡೆದ ತೆಂಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಅದನ್ನು ಕಡಿದು ಹೊಸದನ್ನು ನೆಡುತ್ತಾರೆ. ದಿನನಿತ್ಯದ ಸುಲಿಗೆ, ಗುಂಪುಗಳ ಕಾದಾಟ, ಮಾದಕವಸ್ತುಗಳ ಸಾಗಣೆ ಇವು ಬುಡಕ್ಕೆ ಹಿಡಿದ ಗೆದ್ದಲಿನ ಜಾತಿಯವು. ವರ್ಷವರ್ಷದ ಅಂಕಿಯಲ್ಲಿ ಕಾಣುವುದಿಲ್ಲ.

ಮೇಲಾಗಿ ದ್ವೀಪಕ್ಕೆ ನೆರೆಯ ಜಿಲ್ಲೆ ಎಂಬುದಿಲ್ಲ. ಮಡಿಕೇರಿಯಲ್ಲಿ ವ್ಯಾಪಾರ ಬಿದ್ದರೆ ಅಲ್ಲಿಯ ಚಾಲಕ ಮೈಸೂರಿಗೋ ಬೆಂಗಳೂರಿಗೋ ಬಂದು ಕಾರು ಓಡಿಸಬಹುದು, ಕಾಫಿ ತೋಟದ ಕೆಲಸಕ್ಕೆ ಹೋಗಬಹುದು. ಅಕ್ಕಿ, ಸೀಮೆಎಣ್ಣೆ, ಸಿಮೆಂಟು, ಔಷಧ ಎಲ್ಲವೂ ಹಡಗಿನಲ್ಲೇ ಬರಬೇಕಾದ, ಅವಕ್ಕೆ ಡಾಲರಿನಲ್ಲೇ ಹಣ ಕೊಡಬೇಕಾದ ಊರಿನಲ್ಲಿ, ಆ ಡಾಲರು ತರುವವನು ಪ್ರವಾಸಿಯೊಬ್ಬನೇ ಆದಾಗ, ಕಡಲತೀರದಲ್ಲಿ ನಡೆದ ಒಂದು ಕೊಲೆ ಕೊನೆಗೆ ಅಡುಗೆಮನೆಯ ಅಕ್ಕಿಯ ದರವನ್ನೂ ಮುಟ್ಟಬಹುದು.

ಕೆರಿಬಿಯನ್ ಸಮುದ್ರದ ಜಮೈಕಾ ಈ ಮಾತಿಗೆ ಒಳ್ಳೆಯ ಪಾಠಶಾಲೆ. ಆ ದ್ವೀಪದ ಪ್ರವಾಸೋದ್ಯಮದ ರಾಜಧಾನಿ ಮಾಂಟೆಗೋ ಬೇ. ಅದು ಇರುವ ಸೇಂಟ್ ಜೇಮ್ಸ್ ಆಡಳಿತ ವಿಭಾಗದಲ್ಲಿ 2017ರ ಒಂದೇ ವರ್ಷ 335 ಕೊಲೆಗಳಾದವು. ನಮ್ಮ ಬೆಂಗಳೂರಿನ ಜನಸಂಖ್ಯೆಯ ಮುಂದೆ ಅದು ಎರಡು ಬಡಾವಣೆಗಳಷ್ಟು ಜನರಿರುವ ಸೀಮೆ. ಅಮೆರಿಕದ ವೃದ್ಧರಿಗೆ ಫೋನು ಮಾಡಿ ‘ನಿಮಗೆ ಲಾಟರಿ ಬಂದಿದೆ, ಶುಲ್ಕ ಕಟ್ಟಿ’ ಎಂದು ವಂಚಿಸುವ ಜಾಲಗಳ ನಡುವಿನ ಹಣದ ಜಗಳ ಆ ಕೊಲೆಗಳಿಗೆ ಒಂದು ದೊಡ್ಡ ಕಾರಣವಾಗಿತ್ತು. (ದಿನಕ್ಕೆರಡು ಸಲ ‘ನಿಮ್ಮ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ’ ಎಂಬ ಕರೆ ಬರುವ ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.) 2018ರ ಜನವರಿಯಲ್ಲಿ ಅಲ್ಲಿ ತುರ್ತು ಪರಿಸ್ಥಿತಿ ಘೋಷಿಸಿ ಸೈನಿಕರನ್ನು ಬೀದಿಗಿಳಿಸಲಾಯಿತು, ರೆಸಾರ್ಟುಗಳ ಒಳಗೇ ಇರಿ ಎಂದು ವಿದೇಶಗಳು ತಮ್ಮ ಪ್ರವಾಸಿಗರಿಗೆ ಹೇಳಿದವು. ಅಷ್ಟಾದರೂ ಆ ವರ್ಷ ಜಮೈಕಾಕ್ಕೆ ವಿಹಾರ ಹಡಗುಗಳಲ್ಲಿ ಬಂದವರೂ ಸೇರಿ 40 ಲಕ್ಷಕ್ಕೂ ಹೆಚ್ಚು ಪ್ರವಾಸಿಗರು ಬಂದರು.

ಹಾಗಾದರೆ ಅಪರಾಧದಿಂದ ನಷ್ಟವೇ ಆಗಲಿಲ್ಲವೆ? ಜಮೈಕಾದ ಅಪರಾಧಕ್ಕೂ ಪ್ರವಾಸಿಗರ ಸಂಖ್ಯೆಗೂ ಇರುವ ಸಂಬಂಧವನ್ನು ಅಭ್ಯಾಸ ಮಾಡಿದ ಅಲ್ಲಿಯ ಸಂಶೋಧಕರಿಬ್ಬರು 2003ರಲ್ಲೇ ಕಂಡುಕೊಂಡದ್ದೇನೆಂದರೆ, ಒಟ್ಟು ಸಂಖ್ಯೆಯ ಮೇಲೆ ಅಪರಾಧದ ಪರಿಣಾಮ ಅಷ್ಟೇನೂ ದೊಡ್ಡದಲ್ಲ. ಆದರೆ ಅದನ್ನು ಹಾಗೆ ತಡೆದು ನಿಲ್ಲಿಸಿದ್ದು ಭಾರಿ ಜಾಹೀರಾತು, ದರದ ಕಡಿತ, ಹಾಗೂ ಊಟ, ಮದ್ಯ, ಆಟಪಾಟ ಎಲ್ಲಕ್ಕೂ ಮೊದಲೇ ಹಣ ಕಟ್ಟಿಸಿಕೊಂಡು ಅತಿಥಿಯನ್ನು ಒಳಗೇ ಇಟ್ಟುಕೊಳ್ಳುವ ‘ಆಲ್ ಇನ್‌ಕ್ಲೂಸಿವ್’ ಹೋಟೆಲುಗಳು. ಈ ಮೂರಕ್ಕೂ ಹಣ ತೆತ್ತವರು ಯಾರೆಂದು ನೋಡಬೇಕು. ಜಾಹೀರಾತಿನ ವೆಚ್ಚ ದ್ವೀಪದವರ ತೆರಿಗೆಯಿಂದ. ದರದ ಕಡಿತ ಕೆಲಸದವರ ಸಂಬಳದಿಂದ. ಇನ್ನು ಮೂರನೆಯದಂತೂ ಬೀದಿಯ ಊಟದ ಅಂಗಡಿ, ಟ್ಯಾಕ್ಸಿ, ಕರಕುಶಲ ವಸ್ತುಗಳ ಮಳಿಗೆ ಇವರ ಗಿರಾಕಿಯನ್ನು ಮುಂಗಡವಾಗಿಯೇ ಕಿತ್ತುಕೊಂಡಂತೆ. ಮಣಿಕಟ್ಟಿಗೆ ಬಣ್ಣದ ಪಟ್ಟಿ ಕಟ್ಟಿಕೊಂಡ ಅತಿಥಿ ಗೇಟಿನಾಚೆ ಹೋಗಿ ಒಂದು ತಟ್ಟೆ ಊಟಕ್ಕೆ ದುಡ್ಡು ಕೊಡುವುದಕ್ಕೆ ಕಾರಣವೇ ಉಳಿಯುವುದಿಲ್ಲ. ಗಿರಾಕಿ ಇಲ್ಲದ ಬೀದಿಯ ಹುಡುಗರು ಯಾವ ಕೆಲಸಕ್ಕೆ ಕೈಹಾಕುತ್ತಾರೆಂಬುದನ್ನು ಊಹಿಸಲು ಸಂಶೋಧನೆ ಬೇಡ. ಗೋಡೆ ಅಪರಾಧವನ್ನು ಹೊರಗಿಡುತ್ತದೆ ಎನ್ನುತ್ತಾರೆ. ನನಗನ್ನಿಸುವಂತೆ ಅದು ಹೊರಗೆ ಅಪರಾಧವನ್ನು ಬೆಳೆಸುತ್ತದೆ ಕೂಡ.

ಸಂಖ್ಯೆಯ ಇನ್ನೊಂದು ಮುಖವೂ ಇದೆ. ವಿಶ್ವಬ್ಯಾಂಕ್ ಮತ್ತು ವಿಶ್ವಸಂಸ್ಥೆಯ ಮಾದಕವಸ್ತು ಹಾಗೂ ಅಪರಾಧ ನಿಯಂತ್ರಣ ಕಚೇರಿ 2007ರಲ್ಲಿ ಜಂಟಿಯಾಗಿ ಹೊರತಂದ ವರದಿ, ಜಮೈಕಾ ಮತ್ತು ಹೈಟಿ ತಮ್ಮ ಕೊಲೆಗಳ ಪ್ರಮಾಣವನ್ನು, ಅವಕ್ಕಿಂತ ಶಾಂತವಾದ ಕೋಸ್ಟರಿಕದ ಮಟ್ಟಕ್ಕೆ ಇಳಿಸಿಕೊಂಡರೆ ತಲಾದಾಯದ ವಾರ್ಷಿಕ ಬೆಳವಣಿಗೆ ಶೇ 5.4ರಷ್ಟು ಹೆಚ್ಚಬಹುದೆಂದು ಅಂದಾಜಿಸಿತ್ತು. ಅಂದಾಜು ಅಂದಾಜೇ, ಅದರ ಅರ್ಧದಷ್ಟೇ ನಿಜವಾದರೂ ಬಡದೇಶಕ್ಕೆ ಅದು ಕಡಿಮೆಯಲ್ಲ. ಬಾರ್ಬಡೋಸ್ ಕುರಿತು 1999ರಲ್ಲಿ ಬಂದ ಅಧ್ಯಯನವೊಂದು ಪ್ರವಾಸಿಗರು ಕಳವು, ಸುಲಿಗೆಗೆ ಹೆಚ್ಚಾಗಿ ಗುರಿಯಾಗುತ್ತಾರೆ, ಹಿಂಸಾಚಾರಕ್ಕೆ ಗುರಿಯಾಗುವವರು ಹೆಚ್ಚಾಗಿ ಸ್ಥಳೀಯರೇ ಎಂದು ತೋರಿಸಿತು. ಪತ್ರಿಕೆಯ ತಲೆಬರಹ ಮಾತ್ರ ಸತ್ತವನು ವಿದೇಶಿಯಾದಾಗಲೇ ದೊಡ್ಡದಾಗುವುದು.

ಹಡಗಿನ ಪ್ರವಾಸದ ಲೆಕ್ಕಾಚಾರ ಇನ್ನೂ ನಿರ್ದಯವಾದದ್ದು. ಹೋಟೆಲು ಕಟ್ಟಿದವನು ಅದನ್ನು ಹೊತ್ತುಕೊಂಡು ಹೋಗಲಾರ. ಹಡಗಿಗೆ ಆ ತೊಂದರೆಯಿಲ್ಲ, ಒಂದು ಬಂದರು ಬೇಡವಾದರೆ ಚುಕ್ಕಾಣಿ ತಿರುಗಿಸಿದರಾಯಿತು. 2009ರ ನವೆಂಬರಿನಲ್ಲಿ ಬಹಾಮಸ್‌ನ ನಸ್ಸಾವಿನಲ್ಲಿ ಹಡಗಿನಿಂದಿಳಿದು ಸುತ್ತಾಟಕ್ಕೆ ಹೋಗಿದ್ದ 18 ಮಂದಿಯ ಗುಂಪನ್ನು ಬಂದೂಕು ತೋರಿಸಿ ದೋಚಿದಾಗ ಹಡಗು ಕಂಪನಿಗಳು ಆ ಸುತ್ತಾಟವನ್ನೇ ತಮ್ಮ ಪಟ್ಟಿಯಿಂದ ತೆಗೆದುಹಾಕಿದವು. 2024ರ ಜನವರಿಯಲ್ಲಿ, ವರ್ಷ ಹುಟ್ಟಿದ ಮೇಲೆ ನಸ್ಸಾವಿನಲ್ಲಿ 18 ಕೊಲೆಗಳಾಗಿವೆ ಎಂದು ಅಲ್ಲಿಯ ಅಮೆರಿಕನ್ ರಾಯಭಾರ ಕಚೇರಿ ಎಚ್ಚರಿಕೆ ಕೊಟ್ಟಿತು. ಆದರೂ ಆ ವರ್ಷ ಬಹಾಮಸ್‌ಗೆ ಬಂದವರ ಸಂಖ್ಯೆ ದಾಖಲೆಯ 1.1 ಕೋಟಿ ದಾಟಿತು. ಬಂದವರಲ್ಲಿ ಬಹುಪಾಲು ಹಡಗಿನವರು. ಅವರಲ್ಲಿ ಅನೇಕರು ಕಾಲಿಟ್ಟದ್ದು ಹಡಗು ಕಂಪನಿಗಳೇ ಗುತ್ತಿಗೆ ಹಿಡಿದೋ ಕೊಂಡೋ ಅಭಿವೃದ್ಧಿಪಡಿಸಿದ ಖಾಸಗಿ ದ್ವೀಪಗಳ ಮೇಲೆ. ಅಲ್ಲಿ ಊರು ಎಂಬುದಿಲ್ಲ, ಆದ್ದರಿಂದ ಊರಿನ ಕಳ್ಳರೂ ಇಲ್ಲ, ಊರಿನ ಅಂಗಡಿಗಳೂ ಇಲ್ಲ. ಹೈಟಿಯ ಉತ್ತರ ತೀರದ ಲಬಾಡಿಯಲ್ಲಿ ಬೇಲಿ ಹಾಕಿದ ಕಡಲತೀರದ ಒಂದು ತುಂಡಿಗೆ ದಶಕಗಳ ಕಾಲ ದೊಡ್ಡ ಹಡಗುಗಳು ಬರುತ್ತಿದ್ದವು. ರಾಜಧಾನಿ ಪೋರ್ಟ್ ಓ ಪ್ರಿನ್ಸ್ ಅಲ್ಲಿಂದ ಬಹು ದೂರ. ಆದರೂ 2024ರಲ್ಲಿ ರಾಜಧಾನಿ ಸಶಸ್ತ್ರ ಗುಂಪುಗಳ ಕೈಗೆ ಜಾರತೊಡಗಿದಾಗ ಹಡಗುಗಳು ಲಬಾಡಿಯನ್ನು ಬಿಟ್ಟವು, ಶರತ್ಕಾಲದಲ್ಲಿ ಮರಳಿದವು, 2025ರಲ್ಲಿ ಮತ್ತೆ ಬಿಟ್ಟವು. ಬೇಲಿಯೂ ಕೊನೆಗೆ ಕಾಯಲಿಲ್ಲ.

ಒಂದೇ ಘಟನೆ ಎಷ್ಟು ಕಾಲ ಕಾಡಬಹುದು ಎಂಬುದಕ್ಕೆ ಅಮೆರಿಕದ ಒಡೆತನದ ವರ್ಜಿನ್ ದ್ವೀಪಗಳಲ್ಲಿ ಒಂದಾದ ಸೇಂಟ್ ಕ್ರೋಯ್ ಸಾಕ್ಷಿ. 1972ರ ಸೆಪ್ಟೆಂಬರ್ 6ರಂದು ಅಲ್ಲಿಯ ಫೌಂಟನ್ ವ್ಯಾಲಿ ಗಾಲ್ಫ್ ಮೈದಾನದಲ್ಲಿ ಮುಸುಕುಧಾರಿಗಳು ಪ್ರವಾಸಿಗರೂ ನೌಕರರೂ ಸೇರಿ ಎಂಟು ಜನರನ್ನು ಗುಂಡಿಟ್ಟು ಕೊಂದರು. ಐವರು ಬೇಗನೆ ಸಿಕ್ಕಿಬಿದ್ದು, ಮರುವರ್ಷವೇ ಒಂದರ ಮೇಲೊಂದರಂತೆ ಎಂಟೆಂಟು ಜೀವಾವಧಿ ಶಿಕ್ಷೆಗೆ ಗುರಿಯಾದರು. ಶಿಕ್ಷೆ ಬೇಗ ಆದರೆ ಪ್ರವಾಸಿಗರು ಮರಳುತ್ತಾರೆ ಎಂಬ ನನ್ನ ನಂಬಿಕೆಗೆ ಈ ದ್ವೀಪ ಒಪ್ಪಿಗೆ ಕೊಡುವುದಿಲ್ಲವೆಂದು ಪ್ರಾಮಾಣಿಕವಾಗಿ ಹೇಳಬೇಕು: ಪ್ರವಾಸಿಗರು ಪಕ್ಕದ ಸೇಂಟ್ ಥಾಮಸ್‌ಗೆ ಹೋದರೇ ವಿನಾ ಸೇಂಟ್ ಕ್ರೋಯ್‌ಗೆ ಮೊದಲಿನಂತೆ ಬರಲಿಲ್ಲ. ಬಿಳಿಯರು, ಕರಿಯರ ನಡುವೆ ಮೊದಲೇ ಹೊಗೆಯಾಡುತ್ತಿದ್ದ ಅಸಮಾಧಾನ ಆ ಘಟನೆಗೆ ಅಂಟಿಕೊಂಡಿದ್ದರಿಂದ ನ್ಯಾಯಾಲಯದ ತೀರ್ಪು ಅದನ್ನು ತೊಳೆಯಲಾಗಲಿಲ್ಲ. ದ್ವೀಪ ಅಷ್ಟರಿಂದಲೇ ಮುಳುಗಲಿಲ್ಲವೆಂದರೆ, ಅಲ್ಲೊಂದು ದೊಡ್ಡ ತೈಲ ಶುದ್ಧೀಕರಣ ಘಟಕವಿದ್ದು, 2012ರಲ್ಲಿ ಮುಚ್ಚುವ ತನಕ ಸಾವಿರಾರು ಮನೆಗಳಿಗೆ ಅನ್ನ ಹಾಕುತ್ತಿತ್ತು. ಎರಡನೇ ಆಸರೆ ಇದ್ದುದರಿಂದ ಬಚಾವಾಯಿತು.

ನಮ್ಮ ನೆರೆಯ ಮಾಲ್ಡೀವ್ಸ್ ಈ ಸಮಸ್ಯೆಯನ್ನು ಭೂಗೋಳದಿಂದಲೇ ಬಗೆಹರಿಸಿಕೊಂಡಿತ್ತು. 1972ರಲ್ಲಿ ಮೊದಲ ರೆಸಾರ್ಟ್ ತೆರೆದಂದಿನಿಂದ ‘ಒಂದು ದ್ವೀಪ, ಒಂದು ರೆಸಾರ್ಟ್’ ಎಂಬುದೇ ಅಲ್ಲಿಯ ಪದ್ಧತಿ. ಜನವಸತಿಯ ದ್ವೀಪಗಳೇ ಬೇರೆ, ಪ್ರವಾಸಿಗರ ದ್ವೀಪಗಳೇ ಬೇರೆ. ರಾಜಧಾನಿ ಮಾಲೆಯ ಗಲ್ಲಿಗಳಲ್ಲಿ ಹುಡುಗರ ಗುಂಪುಗಳು ಚಾಕು ಹಿಡಿದು ಬಡಿದಾಡಿದರೂ ಅದರ ಸದ್ದು ನೀರು ದಾಟಿ ರೆಸಾರ್ಟಿಗೆ ಬರುತ್ತಿರಲಿಲ್ಲ. 2009ರ ನಂತರ ಜನವಸತಿಯ ದ್ವೀಪಗಳಲ್ಲೂ ಅತಿಥಿಗೃಹ ತೆರೆಯಲು ಅವಕಾಶ ಸಿಕ್ಕಿತು; ನನ್ನ ಬಳಿ ಬರುವ ಮಧ್ಯಮ ವರ್ಗದ ಗ್ರಾಹಕರು ಈಗ ಮಾಫುಶಿಯಂಥ ಊರುಗಳಲ್ಲಿ ಉಳಿಯುತ್ತಾರೆ. ಕೋಟ್ಯಧಿಪತಿಗಳ ವ್ಯವಹಾರವಾಗಿದ್ದ ಪ್ರವಾಸೋದ್ಯಮ ಅಲ್ಲಿಯ ಮೀನುಗಾರನ ಮನೆಗೂ ಬಂತೆಂದು ನನಗೆ ಸಂತೋಷ. ಆದರೆ ನೀರೆಂಬ ಗೋಡೆ ಹೋದ ಮೇಲೆ ಆ ಮನೆಯ ಆದಾಯ ಊರಿನ ಬೀದಿಯ ಸುರಕ್ಷತೆಗೆ ನೇರವಾಗಿ ಗಂಟುಬಿದ್ದಿದೆ. ಅಲ್ಲಿ ಈಗ ನಡೆಯುವ ಒಂದು ಕಳ್ಳತನ ಐವತ್ತು ಮನೆಗಳ ಬುಕಿಂಗ್ ಕೆಡಿಸಬಲ್ಲದು.

ನಡೆಯದ ಅಪರಾಧವೂ ದ್ವೀಪವನ್ನು ಬಡವಾಗಿಸಬಲ್ಲದು ಎಂದರೆ ಓದುಗರಿಗೆ ವಿಚಿತ್ರವೆನಿಸಬಹುದು. 2019ರಲ್ಲಿ ಡೊಮಿನಿಕನ್ ಗಣರಾಜ್ಯದ ರೆಸಾರ್ಟುಗಳಲ್ಲಿ ಕೆಲವು ಅಮೆರಿಕನ್ ಪ್ರವಾಸಿಗರು ಒಬ್ಬರಾದ ಮೇಲೊಬ್ಬರು ತೀರಿಕೊಂಡಾಗ, ಮದ್ಯದಲ್ಲಿ ವಿಷ ಬೆರೆಸಿದ್ದಾರೆ ಎಂಬ ಗುಲ್ಲೆದ್ದು ಆ ಬೇಸಿಗೆಯ ಬುಕಿಂಗ್‌ಗಳು ದಬದಬನೆ ರದ್ದಾದವು. ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಪರೀಕ್ಷಿಸಿದ ಮೂರು ಸಾವುಗಳು ಸಹಜ ಕಾರಣದಿಂದಲೇ ಆದವು ಎಂಬ ಫಲಿತಾಂಶ ಬಂದದ್ದು ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಬೇಸಿಗೆ ಮುಗಿದಿತ್ತು. ನಡೆದೂ ಬಗೆಹರಿಯದೆ ಉಳಿದ ಅಪರಾಧದ ನೆನಪೂ ಬೇಗ ಮಾಸುವುದಿಲ್ಲ. ಮಾರಿಷಸ್‌ನಲ್ಲಿ 2011ರ ಜನವರಿಯಲ್ಲಿ ಮಧುಚಂದ್ರಕ್ಕೆ ಬಂದಿದ್ದ ಐರ್ಲೆಂಡಿನ ವಧು ಹೋಟೆಲಿನ ಕೋಣೆಯಲ್ಲೇ ಕೊಲೆಯಾದಳು. ಆರೋಪಕ್ಕೊಳಗಾದ ಇಬ್ಬರು ನೌಕರರನ್ನು 2012ರಲ್ಲಿ ನ್ಯಾಯಾಲಯ ಬಿಡುಗಡೆ ಮಾಡಿತು, ಹೋಟೆಲು ತನ್ನ ಹೆಸರನ್ನೇ ಬದಲಿಸಿಕೊಂಡಿತು. ಕೊಂದವರು ಯಾರೆಂಬುದು ಮಾತ್ರ ನ್ಯಾಯಾಲಯದಲ್ಲಿ ಸಾಬೀತಾಗಲಿಲ್ಲ. ಮಗಳನ್ನೂ ಅಳಿಯನನ್ನೂ ಮಾರಿಷಸ್‌ಗೆ ಕಳಿಸಲು ಬಂದ ತಂದೆಯೊಬ್ಬರು ನನ್ನೆದುರು ಕುಳಿತು ಆ ಪ್ರಕರಣವನ್ನು ಎತ್ತಿದ್ದು ಅದಾದ ಆರು ವರ್ಷಗಳ ಮೇಲೆ. ಥಾಯ್ಲೆಂಡಿನ ಕೋ ತಾವೋ ದ್ವೀಪದಲ್ಲಿ 2014ರಲ್ಲಿ ಇಬ್ಬರು ಬ್ರಿಟಿಷ್ ಪ್ರವಾಸಿಗರ ಕೊಲೆಯಾದಾಗ, ಮ್ಯಾನ್ಮಾರಿನ ಇಬ್ಬರು ವಲಸೆ ಕಾರ್ಮಿಕರಿಗೆ ಮರಣದಂಡನೆ ವಿಧಿಸಿ (2020ರಲ್ಲಿ ಅದು ಜೀವಾವಧಿಗೆ ಇಳಿಯಿತು) ಕಡತ ಮುಚ್ಚಲಾಯಿತು. ತನಿಖೆಯ ಬಗ್ಗೆ ಮಾನವ ಹಕ್ಕುಗಳ ಸಂಘಟನೆಗಳು ಎತ್ತಿದ ಸಂಶಯ ಇಂದಿಗೂ ಹೋಗಿಲ್ಲ. ಅಪರಾಧಿ ಸಿಕ್ಕರಷ್ಟೇ ಸಾಲದು, ಸಿಕ್ಕವನೇ ಅಪರಾಧಿ ಎಂದು ಜನ ನಂಬುವಂತೆ ತನಿಖೆ ನಡೆದಿರಬೇಕು.

ದ್ವೀಪದ ನ್ಯಾಯವ್ಯವಸ್ಥೆಗೆ ಒಂದು ವಿಶೇಷ ಕಷ್ಟವಿದೆ: ದೂರುದಾರ ವಿಮಾನ ಹತ್ತಿ ಹೋಗಿಬಿಡುತ್ತಾನೆ. ಕಳ್ಳನಿಗೆ ಅದು ಚೆನ್ನಾಗಿ ಗೊತ್ತಿರುತ್ತದೆ. ನಾನು ಕಳಿಸಿದ ಒಂದು ಕುಟುಂಬ ಹೆಸರು ಹೇಳಬಯಸದ ಒಂದು ದ್ವೀಪದಲ್ಲಿ ಕೈಚೀಲ ಕಳೆದುಕೊಂಡಿತು. ಸ್ಕೂಟರಿನಲ್ಲಿ ಬಂದವರು ಎಳೆದುಕೊಂಡು ಹೋದರು. ವಿಮೆಯ ಹಣಕ್ಕೆ ಪೊಲೀಸ್ ದೂರಿನ ಪ್ರತಿ ಬೇಕು. ಠಾಣೆಯಲ್ಲಿ ಬರೆದುಕೊಳ್ಳುವವರಿಗೆ ಇಂಗ್ಲಿಷ್ ಬಾರದು, ಬರುವವರು ಸಂಜೆ ಬರುತ್ತಾರೆ ಎಂದರು. ಸಂಜೆ ಇವರ ವಿಮಾನ. ಮನೆಯ ಯಜಮಾನಿ ಒಂದು ಬಿಳಿ ಹಾಳೆಯಲ್ಲಿ ತಾವೇ ದೂರು ಬರೆದು, ಸ್ವೀಕರಿಸಿದ್ದಕ್ಕೆ ಸೀಲು ಹಾಕಿಕೊಡಿ ಎಂದು ಕೇಳಿಕೊಂಡರೂ ಆಗಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ಸೀಲಿಲ್ಲದ ಆ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ‘ನೋಡಿ ಸರ್, ಇಷ್ಟೇ ಉಳಿದಿದ್ದು’ ಎಂದರು. ಚೀಲದಲ್ಲಿದ್ದುದು ಹದಿನೆಂಟು ಸಾವಿರ ರೂಪಾಯಿ, ಒಂದು ಫೋನು. ಅವರ ಬಳಗದಲ್ಲಿ ಅಂದಿನಿಂದ ಆ ದ್ವೀಪಕ್ಕೆ ಯಾರೂ ಹೋಗಿಲ್ಲವೆಂದು ನನ್ನ ರಿಜಿಸ್ಟರೇ ಹೇಳುತ್ತದೆ.

ಇಷ್ಟೆಲ್ಲ ದೂರದ ಮಾತು ನಮಗೇಕೆ ಎನ್ನುವವರಿಗೆ ನಮ್ಮದೇ ತುಂಗಭದ್ರೆಯ ನಡುಗಡ್ಡೆಯನ್ನು ತೋರಿಸಬೇಕು. ಹಂಪಿಯ ಎದುರಿನ ವಿರುಪಾಪುರ ಗಡ್ಡೆ ಪ್ರವಾಸಿಗರನ್ನೇ ನಂಬಿ ಬದುಕಿದ ಒಂದು ಪುಟ್ಟ ದ್ವೀಪವೇ. ಅಕ್ರಮ ಕಟ್ಟಡಗಳೆಂದು ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ 2020ರ ಮಾರ್ಚ್‌ನಲ್ಲಿ ಅಲ್ಲಿಯ ರೆಸಾರ್ಟುಗಳನ್ನು ಕೆಡವಲಾಯಿತು. ವ್ಯಾಪಾರ ಆನೆಗೊಂದಿ, ಸಣಾಪುರದ ಕಡೆಗೆ ಹರಡಿಕೊಂಡಿತು. 2025ರ ಮಾರ್ಚ್ 6ರ ರಾತ್ರಿ ಸಣಾಪುರದ ಬಳಿ ಕಾಲುವೆ ದಂಡೆಯಲ್ಲಿ ಕುಳಿತಿದ್ದ ಐವರ ಮೇಲೆ ಮೂವರು ಎರಗಿ, ಗಂಡಸರನ್ನು ಕಾಲುವೆಗೆ ತಳ್ಳಿ, ಇಸ್ರೇಲಿನ ಪ್ರವಾಸಿ ಮಹಿಳೆ ಹಾಗೂ ಹೋಮ್‌ಸ್ಟೇ ನಡೆಸುತ್ತಿದ್ದ ಮಹಿಳೆಯ ಮೇಲೆ ಅತ್ಯಾಚಾರ ಎಸಗಿದರು. ನೀರಿಗೆ ಬಿದ್ದವರಲ್ಲಿ ಒಡಿಶಾದ ಯುವಕ ಬದುಕಲಿಲ್ಲ. ದಾಳಿಗೆ ಒಳಗಾದವರಲ್ಲಿ ಒಬ್ಬರು ಅತಿಥಿ, ಒಬ್ಬರು ಆತಿಥೇಯರು ಎಂಬುದನ್ನು ಓದುಗರು ಮರೆಯಬಾರದು.

ಆರೋಪಿಗಳು ಮೂವರೂ ಕೆಲವೇ ದಿನಗಳಲ್ಲಿ ಸೆರೆಸಿಕ್ಕರು. ಪೊಲೀಸರಿಗೆ ಅದರ ಶ್ರೇಯ ಸಲ್ಲಬೇಕು. ಆದರೆ ಅದಾದ ಎರಡು ವಾರಕ್ಕೆ ನಾನು ಆನೆಗೊಂದಿಯ ಕಡೆ ಹೋಗಿದ್ದಾಗ ಕಂಡದ್ದು ಖಾಲಿ ಅಂಗಳಗಳು. ಹರಿಗೋಲು ನಡೆಸುವ ಹಿರಿಯರೊಬ್ಬರು ಹರಿಗೋಲನ್ನು ದಂಡೆಯ ಮೇಲೆ ಬೋರಲು ಹಾಕಿ, ಅದರ ನೆರಳಿನಲ್ಲೇ ಮಲಗಿದ್ದರು. ‘ತಪ್ಪು ಮಾಡಿದವ್ರು ಮೂರು ಮಂದಿ ರೀ, ಉಪಾಸ ನಾವು ಮುನ್ನೂರು ಮಂದಿ’ ಎಂದರು. ಅಂದು ಅವರ ಹರಿಗೋಲು ಹತ್ತಿದ ಗಿರಾಕಿ ನಾನೊಬ್ಬನೇ. ಅಲ್ಲಿಯ ಹೋಮ್‌ಸ್ಟೇಗಳಿಗೆ ಕಾಂಪೌಂಡು ಎತ್ತರಿಸಿ, ರಾತ್ರಿ ಎಂಟರ ಮೇಲೆ ಅತಿಥಿಗಳನ್ನು ಹೊರಬಿಡಬೇಡಿ, ಅನುಮತಿಯಿಲ್ಲದವನ್ನು ಮುಚ್ಚಿ ಎನ್ನುವ ಸಲಹೆಗಳು ಆಗ ಎಲ್ಲೆಡೆ ಕೇಳಿಬಂದವು. ಅನುಮತಿ, ನೋಂದಣಿ ಬೇಕೇ ಬೇಕು. ಆದರೆ ಕಾಂಪೌಂಡಿನ ಹಾದಿ ಮಾಂಟೆಗೋ ಬೇಗೆ ಹೋಗುವ ಹಾದಿ. ಕಾಲುವೆ ದಂಡೆಗೆ ದೀಪ, ರಾತ್ರಿ ಗಸ್ತು, ಆ ಊರುಗಳ ಹೆಣ್ಣುಮಕ್ಕಳು ಕತ್ತಲಾದ ಮೇಲೂ ನಿರ್ಭಯವಾಗಿ ಓಡಾಡಬಹುದಾದ ರಸ್ತೆ ಇಷ್ಟಿದ್ದರೆ ಅತಿಥಿಗೆಂದು ಬೇರೆ ವ್ಯವಸ್ಥೆಯೇ ಬೇಡ.

ಗೃಹರಕ್ಷಕ ದಳದವರಿಗೆ ತರಬೇತಿ ಕೊಟ್ಟು ಪ್ರವಾಸಿ ತಾಣಗಳಲ್ಲಿ ನಿಲ್ಲಿಸುವ ‘ಪ್ರವಾಸಿ ಮಿತ್ರ’ ಯೋಜನೆ ನಮ್ಮ ರಾಜ್ಯದಲ್ಲಿ ಈಗಾಗಲೇ ಇದೆ. ಅವರಿಗೆ ದೂರು ಬರೆದುಕೊಳ್ಳುವ, ಕೂಡಲೇ ಸಹಿ ಹಾಕಿದ ಪ್ರತಿ ಕೊಡುವ ವ್ಯವಸ್ಥೆಯೊಂದನ್ನು ಹತ್ತಿರದ ಠಾಣೆಯೊಡನೆ ಬೆಸೆದುಕೊಟ್ಟರೆ ಸೀಲಿಲ್ಲದ ಹಾಳೆಯ ಕಥೆ ಇಲ್ಲಿ ನಡೆಯುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಲು, ಎಲೆಕ್ಟ್ರಾನಿಕ್ ಮಾಧ್ಯಮದ ಮೂಲಕ ಸಾಕ್ಷ್ಯ ನುಡಿಯಲು ಅವಕಾಶ ಮಾಡಿಕೊಟ್ಟಿದೆ. ಸಾಕ್ಷಿ ಟೆಲ್ ಅವೀವ್‌ನಲ್ಲಿ ಕುಳಿತು ಗಂಗಾವತಿಯ ನ್ಯಾಯಾಲಯಕ್ಕೆ ಹೇಳಿಕೆ ಕೊಡಲು ಕಾನೂನಿನ ಅಡ್ಡಿಯಿಲ್ಲ; ಬೇಕಾದ್ದು ಯಂತ್ರ, ದುಭಾಷಿ, ಮತ್ತು ಅದನ್ನು ನಡೆಸಿಕೊಡುವ ಮನಸ್ಸು. ಲಕ್ಷದ್ವೀಪದ ಅಗತ್ತಿಗೆ ಬೆಂಗಳೂರಿನಿಂದಲೇ 2024ರಲ್ಲಿ ನೇರ ವಿಮಾನ ಶುರುವಾದ ಮೇಲೆ ನನ್ನ ಕಚೇರಿಯಲ್ಲಿ ಅದನ್ನು ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. ಬಾಗಿಲಿಗೆ ಬೀಗ ಹಾಕುವ ಅಭ್ಯಾಸವಿಲ್ಲದ ಅಲ್ಲಿಯ ಜನರ ನಡುವೆ ಪ್ರವಾಸೋದ್ಯಮ ಬೆಳೆಯುವ ಮೊದಲೇ ಇವನ್ನೆಲ್ಲ ಯೋಚಿಸುವುದು, ಬೆಳೆದ ಮೇಲೆ ಗೋಡೆ ಕಟ್ಟುವುದಕ್ಕಿಂತ ಅಗ್ಗ.

ಕೊನೆಯದಾಗಿ ತಮ್ಮಲ್ಲೇ ಒಂದು ಬಿನ್ನಹ. ಇಷ್ಟು ವರ್ಷಗಳಲ್ಲಿ ಕೊಲೆ, ಅತ್ಯಾಚಾರದ ಸುದ್ದಿಯ ಕಟಿಂಗ್ ಕೈಯಲ್ಲಿ ಹಿಡಿದು ನನ್ನ ಮೇಜಿನ ಮುಂದೆ ಕುಳಿತ ಗ್ರಾಹಕರು ಅನೇಕರು. ತೀರ್ಪಿನ ಸುದ್ದಿಯನ್ನು ತಂದವರು ಒಬ್ಬರೂ ಇಲ್ಲ. ಸಣಾಪುರದ ಪ್ರಕರಣ ಮುಖಪುಟದಲ್ಲಿ ಐದು ಕಾಲಂ ಬಂದಿತ್ತು. ಪ್ರವಾಸಿ ತಾಣಗಳ ಇಂಥ ಪ್ರಕರಣಗಳಲ್ಲಿ ದೋಷಾರೋಪ ಪಟ್ಟಿ, ವಿಚಾರಣೆ, ತೀರ್ಪು ಇವುಗಳ ವರದಿಗೆ ಒಳಪುಟದ ಮೂಲೆಯಲ್ಲಲ್ಲದೆ ಅದೇ ಮುಖಪುಟದಲ್ಲಿ ಜಾಗ ಕೊಡಬೇಕೆಂದು, ಜೊತೆಗೆ ಕಾಲುವೆ ದಂಡೆಗೆ ದೀಪ ಬಂತೇ ಇಲ್ಲವೇ ಎಂಬುದನ್ನು ತಮ್ಮ ಕೊಪ್ಪಳದ ವರದಿಗಾರರು ಒಮ್ಮೆ ರಾತ್ರಿ ಹೊತ್ತು ಹೋಗಿ ನೋಡಿ ಬರೆಯಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಟ್ರಾವೆಲ್ಸ್ ಕಚೇರಿ ನಡೆಸುವ ಒಬ್ಬ ಓದುಗ,
ಬಸವನಗುಡಿ, ಬೆಂಗಳೂರು